ಕೊಡಗಿನಿಂದ ಅಮೆರಿಕಕ್ಕೆ ಹೊರಟವರಿಗೆ: ಹ್ಯಾಮ್ ಸಲಾಡ್ ಮಾಡುವುದು, ಬಡಿಸುವುದು

ಮಳೆಗಾಲದಲ್ಲಿ ನಾನು ವಿರಾಜಪೇಟೆಗೆ ಬಂದಾಗಲೆಲ್ಲ, ಆಗಸ್ಟ್‌ನಲ್ಲಿ ಓದಲು ಹೊರಟ ನೆಂಟರಿಷ್ಟರ ಮಕ್ಕಳು ನಮ್ಮ ಮನೆಗೆ ಬಂದು ಕೂರುತ್ತಾರೆ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಚಳಿಯ ಕೋಟು ಎಲ್ಲ ಮುಗಿದ ಮೇಲೆ ಅಸಲು ಪ್ರಶ್ನೆ ಹೊರಗೆ ಬರುತ್ತದೆ: "ಆಂಟಿ, ಅಲ್ಲಿ ಪಂದಿ ಸಿಗ್ತದಾ?" ಪಂದಿ, ಅಂದರೆ ಹಂದಿಮಾಂಸ, ಧಾರಾಳವಾಗಿ ಸಿಗ್ತದೆ. ಆದರೆ ಮೊದಲ ವಾರ ಅಂಗಡಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ನಮ್ಮ ಪಂದಿಯಲ್ಲ, ಹ್ಯಾಮ್. ಅದನ್ನು ಮನೆಗೆ ತಂದು ಮೆಣಸು, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹಣ್ಣಿನ ಹುಳಿ) ಹಾಕಿ ಪಂದಿ ಕರಿ ಮಾಡಲು ಹೊರಟರೆ ಪಾತ್ರೆಯಲ್ಲಿ ಉಳಿಯುವುದು ಉಪ್ಪು ಮತ್ತು ಹೊಗೆ ಮಾತ್ರ. ಹ್ಯಾಮ್‌ನ ದಾರಿಯೇ ಬೇರೆ. ಆ ದಾರಿಯಲ್ಲಿ ಅತಿ ಸುಲಭದ್ದು ಹ್ಯಾಮ್ ಸಲಾಡ್, ಅಂದರೆ ಸಣ್ಣಗೆ ಅರೆದ ಹ್ಯಾಮನ್ನು ಮಯೋನೀಸಿನಲ್ಲಿ ಕಲಸಿ ಬ್ರೆಡ್ಡಿಗೆ ಹಚ್ಚುವ ತಿಂಡಿ. ಒಲೆ ಬೇಕಾಗುವುದು ಮೊಟ್ಟೆ ಬೇಯಿಸಲಿಕ್ಕೆ ಅಷ್ಟೇ. ಹಾಸ್ಟೆಲಿನ ಅಡುಗೆಮನೆಯಲ್ಲೂ ಆಗುತ್ತದೆ, ಹೊಗೆಯ ಅಲಾರಾಂ ಕೂಗುವುದಿಲ್ಲ.

ಮೊದಲು ಮಾಂಸದ ವಿಚಾರ. ಹ್ಯಾಮ್ ಅಂದರೆ ಹಂದಿಯ ಹಿಂದೊಡೆ. ಅದನ್ನು ಉಪ್ಪು, ನೈಟ್ರೈಟ್ (ಮಾಂಸ ಕೆಡದಂತೆ ಕಾಯುವ ಲವಣ), ಹೆಚ್ಚಾಗಿ ಸಕ್ಕರೆಯನ್ನೂ ಸೇರಿಸಿ ಹದ ಮಾಡಿ, ಹಲವು ಬಾರಿ ಹೊಗೆಯನ್ನೂ ಕೊಟ್ಟಿರುತ್ತಾರೆ. ಬೆಂದರೂ ಗುಲಾಬಿ ಬಣ್ಣ ಹೋಗದಿರಲು ಆ ನೈಟ್ರೈಟ್ ಕಾರಣ, ಹಸಿಯಾಗಿದೆ ಅಂತ ಹೆದರಬೇಡಿ. ನಮ್ಮ ಅಜ್ಜಿಯಂದಿರು ಒಲೆಯ ಮೇಲೆ ಹೊಗೆಗೆ ಕಟ್ಟಿ ಮಾಂಸ ಒಣಗಿಸುತ್ತಿದ್ದರಲ್ಲ, ಅದೇ ಯೋಚನೆ. ಆದರೆ ಇದರಲ್ಲಿ ನೀರು ಜಾಸ್ತಿ, ಸಿಹಿ ಜಾಸ್ತಿ.

ಪೊಟ್ಟಣದ ಮೇಲಿನ ಬರಹ ಓದುವ ಅಭ್ಯಾಸ ಮಾಡಿಕೊಳ್ಳಿ. "ಫುಲ್ಲಿ ಕುಕ್ಡ್" ಅಂತ ಇದ್ದರೆ ಫ್ರಿಜ್ಜಿನಿಂದ ತೆಗೆದು ಹಾಗೆಯೇ ತಿನ್ನಬಹುದು, ಸಲಾಡಿಗೆ ಅದೇ ಬೇಕು. "ಕುಕ್ ಬಿಫೋರ್ ಈಟಿಂಗ್" ಅಂತ ಇದ್ದರೆ ಒಳಗಿನ ಬಿಸಿ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 63 ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ, ಮೂರು ನಿಮಿಷ ಬಿಡಬೇಕು. ಇನ್ನೊಂದು ಸೂಕ್ಷ್ಮ ಉಂಟು. ಬರೀ "ಹ್ಯಾಮ್" ಎಂದು ಮುದ್ರಿಸಬೇಕಾದರೆ ಕೊಬ್ಬು ಬಿಟ್ಟು ಉಳಿದ ಭಾಗದಲ್ಲಿ ಪ್ರೋಟೀನ್ ಕನಿಷ್ಠ ಶೇ. 20.5 ಇರಬೇಕೆಂದು ಅಲ್ಲಿನ ನಿಯಮ. "ವಿತ್ ನ್ಯಾಚುರಲ್ ಜ್ಯೂಸಸ್" ಆದರೆ ಶೇ. 18.5, "ವಾಟರ್ ಆಡೆಡ್" ಆದರೆ ಶೇ. 17. ಅಗ್ಗದ್ದರಲ್ಲಿ ನೀವು ದುಡ್ಡು ಕೊಟ್ಟು ನೀರು ಕೊಳ್ಳುತ್ತಿದ್ದೀರಿ, ಆ ನೀರು ಮರುದಿನ ಸಲಾಡಿನ ಬಟ್ಟಲಲ್ಲಿ ಬಿಟ್ಟುಕೊಂಡು ಕೂತಿರುತ್ತದೆ. "ಕಂಟ್ರಿ ಹ್ಯಾಮ್" ಎಂಬುದು ದಕ್ಷಿಣದ ರಾಜ್ಯಗಳ ಒಣ ಸರಕು. ನೆನೆಸಿ ಉಪ್ಪು ತೆಗೆಯದೆ ಬಾಯಿಗಿಡಲು ಆಗುವುದಿಲ್ಲ, ಅದನ್ನು ಈ ಕೆಲಸಕ್ಕೆ ತರಬೇಡಿ. "ಹನಿ", "ಬ್ರೌನ್ ಶುಗರ್" ಅಂತ ಹೆಸರಿರುವುದು ನಮ್ಮ ನಾಲಗೆಗೆ ಪಾಯಸದ ಪಕ್ಕದ ಮನೆ.

ಒಬ್ಬರಿಗೆ ಇಬ್ಬರಿಗೆ ಇಡೀ ಹ್ಯಾಮ್ ಬೇಡ. ಅಂಗಡಿಯೊಳಗೆ ಇಂಥ ಮಾಂಸ ಕತ್ತರಿಸಿ ಕೊಡುವ ಡೆಲಿ ಕೌಂಟರಿಗೆ ಹೋಗಿ, ಅರ್ಧ ಇಂಚು ದಪ್ಪದ ಒಂದು ತುಂಡು ಕೊಡಿ ಅಂತ ಕೇಳಿ. ತೆಳುವಾಗಿ ಸೀಳಿದ ಹೋಳು ಅರೆಯುವಾಗ ಮುದ್ದೆಯಾಗುತ್ತದೆ. ಕೆಲವು ಅಂಗಡಿಗಳಲ್ಲಿ ಹ್ಯಾಮ್‌ನ ತುದಿಗಳನ್ನು ಒಟ್ಟು ಮಾಡಿ ಕಡಿಮೆ ಬೆಲೆಗೆ ಮಾರುತ್ತಾರೆ. ಕೇಳಲು ನಾಚಿಕೆ ಬೇಡ, ಸಲಾಡಿಗೆ ಅದೇ ಒಳ್ಳೆಯದು. ಕ್ರಿಸ್‌ಮಸ್, ಈಸ್ಟರ್ ಮುಗಿದ ಮರುದಿನ ಮೂಳೆಸಹಿತದ ದೊಡ್ಡ ಹ್ಯಾಮ್ ಅಗ್ಗವಾಗುತ್ತದೆ. ಹಬ್ಬದಲ್ಲಿ ಉಳಿದ ಹ್ಯಾಮ್ ಮುಗಿಸಲಿಕ್ಕೇ ಅಲ್ಲಿನ ಅಜ್ಜಿಯರು ಈ ಸಲಾಡ್ ಮಾಡುತ್ತಾರೆ.

ಅಂದ ಹಾಗೆ, ಪಂದಿ ಕರಿಗೆ ಬೇಕಾದದ್ದು ಪೋರ್ಕ್ ಶೋಲ್ಡರ್, ಅದರ ಮೇಲಿನ ಭಾಗಕ್ಕೆ "ಬಾಸ್ಟನ್ ಬಟ್" ಅಂತ ಕರೆಯುತ್ತಾರೆ, ಅಥವಾ ಪೋರ್ಕ್ ಬೆಲ್ಲಿ. ಸಾಮಾನ್ಯ ಅಂಗಡಿಯಲ್ಲಿ ಚರ್ಮ ತೆಗೆದದ್ದೇ ಹೆಚ್ಚು. ಚರ್ಮ, ಕೊಬ್ಬು ಇಲ್ಲದ ಪಂದಿ ಕರಿ ನಮಗೆ ಕರಿಯೇ ಅಲ್ಲ, ಅದಕ್ಕೆ ಚೀನಿ, ವಿಯೆಟ್ನಾಮಿ ಅಂಗಡಿ ಹುಡುಕಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ, ಅಲ್ಲಿನ ಲೇಬರ್ ಡೇ ರಜೆ ಸೆಪ್ಟೆಂಬರಿನ ಮೊದಲ ಸೋಮವಾರ. ನೀವು ಹೋಗಿ ಇಳಿದ ಕೆಲವೇ ದಿನಕ್ಕೆ ಒಂದು ಉದ್ದ ವಾರಾಂತ್ಯ ಸಿಗುತ್ತದೆ, ಪಂದಿ ಕರಿಯ ಜೊತೆ ತಿನ್ನುವ ಅಕ್ಕಿಯುಂಡೆ ಕಡಂಬುಟ್ಟಿಗೆ ಅಕ್ಕಿ ತರಿ ಜೊತೆಯಲ್ಲಿಟ್ಟುಕೊಳ್ಳಿ.

ಈಗ ಸಲಾಡ್. ಒಂದು ಪೌಂಡ್ ಹ್ಯಾಮ್, ಅಂದರೆ ಸುಮಾರು 450 ಗ್ರಾಂ. ಎರಡು ಗಟ್ಟಿಯಾಗಿ ಬೇಯಿಸಿದ ಮೊಟ್ಟೆ. ಸೆಲರಿ ಒಂದು ದಂಟು. ಈರುಳ್ಳಿ ಕಾಲು ಭಾಗ. ಸಿಹಿ ಪಿಕಲ್ ರೆಲಿಶ್ (ವಿನೆಗರಿನಲ್ಲಿ ಹಾಕಿ ಸಣ್ಣಗೆ ಹೆಚ್ಚಿದ ಸೌತೆಕಾಯಿ) ಎರಡು ದೊಡ್ಡ ಚಮಚ. ಮಯೋನೀಸ್ ಅರ್ಧ ಕಪ್. ಹಳದಿ ಸಾಸಿವೆಯ ಮಸ್ಟರ್ಡ್ ಒಂದು ಸಣ್ಣ ಚಮಚ. ಕಾಳುಮೆಣಸು. ಉಪ್ಪು ಹಾಕಬೇಡಿ. ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಗುತ್ತದೆ, ತಡೆಯಿರಿ. ಹ್ಯಾಮ್, ರೆಲಿಶ್, ಮಸ್ಟರ್ಡ್, ಮಯೋನೀಸ್ ನಾಲ್ಕರಲ್ಲೂ ಉಪ್ಪು ಆಗಲೇ ಇದೆ.

ಹ್ಯಾಮ್ ತುಂಡನ್ನು ಕಾಗದದ ಟವೆಲಿನಲ್ಲಿ ಒತ್ತಿ ನೀರು ತೆಗೆಯಿರಿ. ಇಂಚಿನ ತುಂಡು ಮಾಡಿ ಫುಡ್ ಪ್ರೊಸೆಸರಿಗೆ ಹಾಕಿ, ಗುಂಡಿ ಒತ್ತಿ ಬಿಡಿ, ಒತ್ತಿ ಬಿಡಿ. ದಪ್ಪ ರವೆಗಿಂತ ಸ್ವಲ್ಪ ಒರಟಾಗಿರುವಾಗಲೇ ನಿಲ್ಲಿಸಬೇಕು. ನೀವು ಹೊತ್ತುಕೊಂಡು ಹೋಗುವ ಊರಿನ ಮಿಕ್ಸಿಗೆ ಈ ಸಹನೆ ಇಲ್ಲ, ಎರಡು ಸುತ್ತಿಗೆ ಚಟ್ನಿ ಮಾಡಿ ಕೊಡುತ್ತದೆ. ಮಿಕ್ಸಿಯೇ ಗತಿ ಅಂದರೆ ಸ್ವಲ್ಪ ಸ್ವಲ್ಪ ಹಾಕಿ ಪಲ್ಸ್ ಮಾತ್ರ ತಿರುಗಿಸಿ, ಇಲ್ಲವಾದರೆ ಚಾಕುವಿನಲ್ಲಿ ಸಣ್ಣಗೆ ಕೊಚ್ಚಿ. ಕೊಚ್ಚಿದ್ದೇ ನನಗೆ ಹೆಚ್ಚು ಇಷ್ಟ, ಹಲ್ಲಿಗೆ ಮಾಂಸ ಸಿಗುತ್ತದೆ. ಸೆಲರಿ, ಈರುಳ್ಳಿಯನ್ನಂತೂ ಕೈಯಲ್ಲೇ ಹೆಚ್ಚಿ. ಯಂತ್ರಕ್ಕೆ ಹಾಕಿದರೆ ನೀರು ಬಿಡುತ್ತವೆ. ಮೊಟ್ಟೆಯನ್ನು ಫೋರ್ಕಿನಲ್ಲಿ ಹಿಸುಕಿ. ಮಯೋನೀಸ್ ಒಂದೇ ಸಲ ಸುರಿಯದೆ ಮುಕ್ಕಾಲು ಭಾಗ ಹಾಕಿ ಕಲಸಿ, ಮುಚ್ಚಿ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಆಮೇಲೆ ನೋಡಿ ಉಳಿದದ್ದು ಬೇಕಾದರೆ ಸೇರಿಸಿ. ತಣ್ಣಗಾದ ಮೇಲೆ ರುಚಿಯೇ ಬೇರೆ, ಬಿಸಿ ಕೋಣೆಯಲ್ಲಿ ಕಲಸುವಾಗ ನೋಡಿ ತೀರ್ಮಾನಿಸಬೇಡಿ. ಇದು ಎಂಟು ಸ್ಯಾಂಡ್‌ವಿಚ್‌ಗೆ ಸಾಕು.

ಮಯೋನೀಸ್ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಮೊಟ್ಟೆ ಇಲ್ಲದ್ದು ಹೆಚ್ಚು, ಅಲ್ಲಿ ಮೊಟ್ಟೆಯದ್ದೇ ವಾಡಿಕೆ. ಡ್ಯೂಕ್ಸ್ ಎಂಬ ಬ್ರ್ಯಾಂಡಿನಲ್ಲಿ ಸಕ್ಕರೆ ಇಲ್ಲ, ಹುಳಿ ಚೆನ್ನಾಗಿದೆ. ಮಿರಕಲ್ ವ್ಹಿಪ್ ಎಂಬುದು ನೋಡಲು ಹಾಗೆಯೇ ಇದ್ದರೂ ಸಿಹಿ.

ಸಿಹಿಯ ಕಾಟವೇ ಈ ತಿಂಡಿಯಲ್ಲಿ ನಮಗೆ ಅಡ್ಡ. ರೆಲಿಶ್ ಬದಲು ಸಿಹಿಯಿಲ್ಲದ ಡಿಲ್ ಪಿಕಲ್ ತಂದು ಸಣ್ಣಗೆ ಹೆಚ್ಚಿ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. ಇನ್ನರ್ಧಕ್ಕೆ ಕಾಚಂಪುಳಿ. ಹಂದಿಗೆ ಹುಳಿ ಬೇಕು ಅನ್ನುವುದರಲ್ಲಿ ಅಲ್ಲಿನವರಿಗೂ ನಮಗೂ ಜಗಳವೇ ಇಲ್ಲ, ಅವರದು ಪಿಕಲ್, ನಮ್ಮದು ಕಾಚಂಪುಳಿ, ಅಷ್ಟೇ. ಆದರೆ ಕಾಲು ಸಣ್ಣ ಚಮಚಕ್ಕಿಂತ ಹೆಚ್ಚು ಬೇಡ. ಅದನ್ನೂ ಮೊದಲು ಮಯೋನೀಸಿನಲ್ಲಿ ಚೆನ್ನಾಗಿ ಕದಡಿ ಆಮೇಲೆ ಮಾಂಸಕ್ಕೆ ಸೇರಿಸಿ, ನೇರ ಹಾಕಿದರೆ ಒಂದೇ ಕಡೆ ಕಪ್ಪಾಗಿ ನಿಲ್ಲುತ್ತದೆ. ಜೊತೆಗೆ ಹೊಸದಾಗಿ ಕುಟ್ಟಿದ ನಮ್ಮ ತೋಟದ ಕಾಳುಮೆಣಸು, ಒಂದೆರಡು ಸೂಜಿಮೆಣಸು. ಬಣ್ಣ ಮಾತ್ರ ಮಣ್ಣಿನ ಹಾಗೆ ಆಗುತ್ತದೆ. ಅದಕ್ಕೇ ನಾನು ಇದನ್ನು ಮನೆಮಂದಿಗೆ ಇಟ್ಟುಕೊಂಡು, ಹೊರಗೆ ಒಯ್ಯುವುದಕ್ಕೆ ಗುಲಾಬಿ ಬಣ್ಣದ ಸಾದಾ ಸಲಾಡನ್ನೇ ಮಾಡುತ್ತೇನೆ.

ಬಡಿಸುವುದು ಹೇಗೆ? ಮೆತ್ತನೆ ಬಿಳಿ ಬ್ರೆಡ್ಡಿನ ನಡುವೆ, ಅಂಚು ಕತ್ತರಿಸಿ, ಮೂಲೆಯಿಂದ ಮೂಲೆಗೆ ಎರಡು ತುಂಡು ಮಾಡಿದರೆ ಚರ್ಚಿನ ಊಟದಲ್ಲಿ, ತಿಥಿ ಮನೆಯಲ್ಲಿ ಇಡುವ ಹಾಗೆಯೇ ಆಯಿತು. ಹೌದು, ಮಿಡ್‌ವೆಸ್ಟ್ (ಅಮೆರಿಕದ ನಡುವಿನ ಉತ್ತರ ರಾಜ್ಯಗಳು) ಕಡೆ ಸಾವಿನ ಮನೆಗೆ ನೆರೆಯವರು ಒಯ್ಯುವ ತಿಂಡಿಗಳಲ್ಲಿ ಇದೂ ಒಂದು. ಪಕ್ಕದ ಮನೆಯಲ್ಲಿ ಅಂಥದ್ದಾದರೆ ಏನು ಒಯ್ಯಲಿ ಎಂದು ತಡವರಿಸಬೇಡಿ. ಪಾರ್ಟಿಗಾದರೆ ಬಟ್ಟಲಲ್ಲಿಟ್ಟು ಸುತ್ತ ರಿಟ್ಜ್ ಅಥವಾ ಸಾಲ್ಟೀನ್ ಬಿಸ್ಕತ್ತು. ಬಿಸ್ಕತ್ತಿನ ಮೇಲೆ ಮೊದಲೇ ಹಚ್ಚಿಡಬೇಡಿ, ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಲೆಟ್ಯೂಸ್ ಎಲೆಯಲ್ಲಿ, ಒಳಗು ತೆಗೆದ ಟೊಮೆಟೋದಲ್ಲಿ ತುಂಬಿ ಕೊಟ್ಟರೆ ನೋಡಲು ಚೆನ್ನ. ಬಿಸಿ ಅಕ್ಕಿ ಒಟ್ಟಿಯ (ರೊಟ್ಟಿಯ) ಮೇಲೆ ಹಾಕುವ ಆಸೆ ಎಲ್ಲ ಕೊಡಗಿನವರಿಗೂ ಒಮ್ಮೆ ಬರುತ್ತದೆ. ಮಯೋನೀಸ್ ಒಡೆದು ಎಣ್ಣೆ ಬಿಡುತ್ತದೆ, ಒಟ್ಟಿಯೂ ಹಾಳು, ಸಲಾಡೂ ಹಾಳು.

ನಮ್ಮ ಉಪಚಾರವನ್ನು ಅಲ್ಲಿ ಸ್ವಲ್ಪ ಇಳಿಸಬೇಕು. ಇಲ್ಲಿ "ಸಾಕು" ಅಂದ ಮೇಲೆಯೇ ಅಸಲು ಬಡಿಸುವಿಕೆ ಶುರು. ಅಲ್ಲಿ ಬೇಡ ಅಂದರೆ ಬೇಡ. ಬಟ್ಟಲು ಮೇಜಿನ ಮೇಲಿಟ್ಟು ದೂರ ಸರಿಯಿರಿ, ಅವರವರೇ ಹಾಕಿಕೊಳ್ಳುತ್ತಾರೆ. ಬಡಿಸಲು ಪ್ರತ್ಯೇಕ ಚಮಚ ಇಡಿ, ಕಚ್ಚಿದ ಬಿಸ್ಕತ್ತನ್ನು ಮತ್ತೆ ಬಟ್ಟಲಿಗೆ ಅದ್ದುವವರನ್ನು ಎಲ್ಲರೂ ಗಮನಿಸುತ್ತಾರೆ. ಪಾತ್ರೆಯ ಅಡಿಗೆ ಟೇಪಿನಲ್ಲಿ ಹೆಸರು ಬರೆದು ಅಂಟಿಸಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ ಊಟದಲ್ಲಿ ಬಟ್ಟಲು ಕಳೆದುಹೋಗುವುದು ಮಾಮೂಲು.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಕಲಸಿದ ಮೇಲೆ ಇದರಲ್ಲಿ ಏನಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಪಂದಿ ಕರಿಯನ್ನು ನೋಡಿದ ಕೂಡಲೇ ಮಾಂಸ ಅಂತ ತಿಳಿಯುತ್ತದೆ, ಇದು ಹಾಗಲ್ಲ. ಆಫೀಸಿನ ಊಟಕ್ಕೆ ಒಯ್ದರೆ "ಹ್ಯಾಮ್, ಮೊಟ್ಟೆ ಇದೆ" ಅಂತ ದಪ್ಪ ಅಕ್ಷರದಲ್ಲಿ ಚೀಟಿ ಇಡಿ. ಮುಸ್ಲಿಮರು, ಯಹೂದಿಗಳು, ಸಸ್ಯಾಹಾರಿಗಳು ಒಂದೇ ಮೇಜಿನಲ್ಲಿರುತ್ತಾರೆ. ಕನ್ನಡ ಸಂಘದ ಯುಗಾದಿಗೋ ರಾಜ್ಯೋತ್ಸವಕ್ಕೋ ಇದನ್ನು ಒಯ್ಯಲೇಬೇಡಿ, ಅಲ್ಲಿನ ಊಟ ಬಹುಪಾಲು ಸಸ್ಯಾಹಾರ. ಮೈಸೂರಿನ ಅತ್ತೆಯೊಬ್ಬರು ಕ್ಯಾರೆಟ್ ಸ್ಪ್ರೆಡ್ ಅಂದುಕೊಂಡು ಬ್ರೆಡ್ಡಿಗೆ ಹಚ್ಚಿಕೊಂಡರೆ ನೀವು ಆ ಊರು ಬಿಡುವವರೆಗೂ ಅದೇ ಮಾತು. ಕೊಡವ ಕೂಟದಲ್ಲಾದರೆ ಯಾವ ಚೀಟಿಯೂ ಬೇಡ, ಆದರೆ ಪಂದಿ ಕರಿ ಇರುವ ಕಡೆ ಇದನ್ನು ಯಾರೂ ಮುಟ್ಟುವುದಿಲ್ಲ ಅಂತಲೂ ತಿಳಿದಿರಲಿ.

ಕೆಡುವ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫ್ರಿಜ್ಜು 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4 ಸೆಲ್ಸಿಯಸ್‌ಗಿಂತ ಮೇಲೆ ಹೋಗಬಾರದು. ಹೊರಗೆ ಎರಡು ಗಂಟೆ, ಬೇಸಿಗೆಯಲ್ಲಿ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಒಂದೇ ಗಂಟೆ, ಅದಕ್ಕಿಂತ ಹೆಚ್ಚು ಇಟ್ಟಿದ್ದನ್ನು ಎಸೆಯಿರಿ. ದೊಡ್ಡ ತಟ್ಟೆಯಲ್ಲಿ ಐಸ್ ಹರವಿ ಅದರ ಮೇಲೆ ಬಟ್ಟಲು ಕೂರಿಸಿದರೆ ನಿಶ್ಚಿಂತೆ. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ಫ್ರೀಜರಿಗೆ ಹಾಕಿದರೆ ಮಯೋನೀಸ್ ಒಡೆದು ನೀರಾಗುತ್ತದೆ. ಕಲಸದ ಹ್ಯಾಮ್ ಮಾತ್ರ ಒಂದೆರಡು ತಿಂಗಳು ಫ್ರೀಜರಿನಲ್ಲಿ ಚೆನ್ನಾಗಿರುತ್ತದೆ.

ಗಂಡನ ಜೊತೆ ಹೊರಟ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು: ಬಸುರಿಯಾಗಿದ್ದಾಗ ಅಂಗಡಿಯಲ್ಲೇ ತಯಾರಿಸಿ ಮಾರುವ ಹ್ಯಾಮ್ ಸಲಾಡ್, ಚಿಕನ್ ಸಲಾಡ್ ತಿನ್ನಬಾರದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಣ್ಣಗಿನಲ್ಲೂ ಬೆಳೆಯುತ್ತದೆ, ಗರ್ಭಕ್ಕೆ ಅಪಾಯ. ಡೆಲಿಯ ಹ್ಯಾಮನ್ನೂ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್‌ವರೆಗೆ ಹಬೆಯೇಳುವಂತೆ ಬಿಸಿ ಮಾಡಿಯೇ ತಿನ್ನಬೇಕು. ಇಲ್ಲಿಂದ ಫೋನಿನಲ್ಲಿ ಅಮ್ಮಂದಿರು ಪಪ್ಪಾಯ ತಿನ್ನಬೇಡ ಅಂತಷ್ಟೇ ಹೇಳುತ್ತಾರೆ, ಇದು ಅವರಿಗೆ ಗೊತ್ತಿರುವುದಿಲ್ಲ.

ಹೊರಡುವ ಮೊದಲು ಇಲ್ಲೇ ಒಮ್ಮೆ ಕೈ ಪಳಗಿಸಿಕೊಳ್ಳಬಹುದು. ಬೆಂಗಳೂರಿಗೆ ವೀಸಾ ಕೆಲಸಕ್ಕೆ ಹೋದವರು ಮಾಂಸ ಮಾರುವ ಕೋಲ್ಡ್ ಸ್ಟೋರೇಜ್ ಅಂಗಡಿಯಿಂದ ಹ್ಯಾಮ್ ತರಲಿ. ಸೆಲರಿ ಸಿಗದಿದ್ದರೆ ಸೌತೆಕಾಯಿಯ ಬೀಜ ತೆಗೆದು ಹೆಚ್ಚಿ, ಹಿಂಡಿ ಹಾಕಿ, ಕರುಂ ಕುರುಂ ಬಂದರೆ ಸಾಕು. ಮಳೆಗೆ ಕರೆಂಟು ಹೋಗಿ ಅರ್ಧ ದಿನ ಬಾರದ ನಮ್ಮ ಊರಿನಲ್ಲಿ ಉಳಿಸಿಡುವ ಮಾತೇ ಬೇಡ, ಮಾಡಿದ ಹೊತ್ತಿಗೇ ತಿಂದು ಮುಗಿಸಿ.

ಇಂಗ್ಲೆಂಡಿಗೆ ಹೊರಟವರು ಇದನ್ನೆಲ್ಲ ಬದಿಗಿಡಿ. ಅಲ್ಲಿ ಹ್ಯಾಮ್ ಸಲಾಡ್ ಕೇಳಿದರೆ ತಟ್ಟೆಯಲ್ಲಿ ತಣ್ಣನೆ ಹ್ಯಾಮ್ ಹೋಳು, ಪಕ್ಕದಲ್ಲಿ ಲೆಟ್ಯೂಸ್, ಟೊಮೆಟೋ, ಮೊಟ್ಟೆ ಬರುತ್ತದೆ. ಅರೆಯುವುದೂ ಇಲ್ಲ, ಕಲಸುವುದೂ ಇಲ್ಲ.

ಇನ್ನು ಸೂಟ್‌ಕೇಸು. ಅಮ್ಮ ಎಷ್ಟೇ ಅತ್ತು ಕರೆದರೂ ಹುರಿದ ಪಂದಿ, ಪಂದಿ ಉಪ್ಪಿನಕಾಯಿ ಒಯ್ಯಬೇಡಿ, ಅಮೆರಿಕದ ಕಸ್ಟಮ್ಸಿನವರು ತೆಗೆದಿಡುತ್ತಾರೆ, ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಬೀಳಬಹುದು. ಹಸಿ ಕರಿಬೇವಿನ ಸೊಪ್ಪಿಗೂ ಇದೇ ಗತಿ. ಒಣಗಿದ ಕಾಳುಮೆಣಸು ಒಯ್ಯಬಹುದು. ಕಾಚಂಪುಳಿಯನ್ನು ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಕವರಿನೊಳಗಿಟ್ಟು ಚೆಕ್-ಇನ್ ಸಾಮಾನಿನಲ್ಲಿಡಿ. ಬಟ್ಟೆಗೆ ಸೋರಿದರೆ ಆ ಕಲೆ ಹೋಗುವುದಿಲ್ಲ. ಆಹಾರ ಪದಾರ್ಥ ಇದೆಯಾ ಅಂತ ಅಧಿಕಾರಿ ಕೇಳಿದರೆ ಇದೆ ಅಂತಲೇ ಹೇಳಿ, ಏನದು ಅಂದರೆ ಅಡುಗೆಗೆ ಹಾಕುವ ಹಣ್ಣಿನ ವಿನೆಗರ್ ಅನ್ನಿ.