‘ವ್ಯಾಲಿಡಿಟಿ ಮುಗಿದಿದೆ’ ಎಂದಾಗ: ತುಮಕೂರಿನಲ್ಲಿ ನಾನು ನಡೆಸಿದ ಕೋರ್ಸ್ ವ್ಯಾಜ್ಯಗಳು

ತುಮಕೂರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು ನಡೆಸುವ ನನ್ನ ಬಳಿಗೆ ಮೊದಲೆಲ್ಲ ಬರುತ್ತಿದ್ದದ್ದು ಬೋರ್‌ವೆಲ್ ಮೋಟರು, ಬಿತ್ತನೆ ಬೀಜ, ಇನ್ಶೂರೆನ್ಸ್ ಕ್ಲೇಮುಗಳ ತಕರಾರು. ಈಗ ಕೆಲವು ವರ್ಷಗಳಿಂದ ಬೇರೆ ಕಕ್ಷಿದಾರರೂ ಬರುತ್ತಿದ್ದಾರೆ. ಸಿಎ (ಚಾರ್ಟರ್ಡ್ ಅಕೌಂಟೆನ್ಸಿ) ಓದುತ್ತಿರುವವರು, ಹೆವಿ ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲು ಸೇರಿದವರು, ಮ್ಯೂಚುಯಲ್ ಫಂಡ್ ವಿತರಕರ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಂಡವರು. ಎಲ್ಲರದೂ ಒಂದೇ ಗೋಳು: ದುಡ್ಡು ಕಟ್ಟಿಯಾಗಿದೆ, ಕಲಿಯುವುದು ಇನ್ನೂ ಬಾಕಿ ಇದೆ, ಅಷ್ಟರಲ್ಲಿ ‘ನಿಮ್ಮ ವ್ಯಾಲಿಡಿಟಿ ಮುಗೀತು, ಮತ್ತೆ ಕಟ್ಟಿ’ ಅನ್ನುತ್ತಾರೆ. ಎಷ್ಟೋ ಮಕ್ಕಳು ಯಾರನ್ನೂ ಕೇಳದೆ ಎರಡನೇ ಸಲ ಕಟ್ಟಿ ಸುಮ್ಮನಾಗುತ್ತಾರೆ. ಅವರಪ್ಪ ಅಮ್ಮ ಆ ದುಡ್ಡು ಎಲ್ಲಿಂದ ತಂದಿರುತ್ತಾರೆ ಅಂತ ಗೊತ್ತಿರುವ ನನಗೆ ಅದನ್ನು ನೋಡಿಕೊಂಡು ಇರಲು ಆಗುವುದಿಲ್ಲ. ಅದಕ್ಕೇ ಇಂಥ ಕೇಸು ನಾನು ಹೇಗೆ ನಡೆಸುತ್ತೇನೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಯಾರೇ ಬಂದರೂ ಮೊದಲು ಕೇಳುವ ಪ್ರಶ್ನೆ ಒಂದೇ. ಮುಗಿದಿರುವುದು ಯಾರ ಅವಧಿ? ವೃತ್ತಿ ಕೋರ್ಸುಗಳಲ್ಲಿ ಎರಡು ನೋಂದಣಿ ಇರುತ್ತವೆ. ಒಂದು ಲೈಸೆನ್ಸ್ ಅಥವಾ ಸದಸ್ಯತ್ವ ಕೊಡುವ ಶಾಸನಬದ್ಧ ಸಂಸ್ಥೆಯದು, ಇನ್ನೊಂದು ಪಾಠ ಮಾರುವ ಖಾಸಗಿಯವರದು. ಮೊದಲನೆಯದಕ್ಕೆ ನಿಯಮದಲ್ಲೇ ಅವಧಿ ಬರೆದಿರುತ್ತದೆ. ಸಿಎ ಸಂಸ್ಥೆಯ 2023ರ ಹೊಸ ಪದ್ಧತಿಯಲ್ಲಿ ಮೂರು ಹಂತ: ಫೌಂಡೇಷನ್ ನೋಂದಣಿಗೆ 4 ವರ್ಷ, ಇಂಟರ್‌ಗೆ 5 ವರ್ಷ, ಫೈನಲ್‌ಗೆ 10 ವರ್ಷ. ಫೌಂಡೇಷನ್ ಅವಧಿ ಮುಗಿದರೆ ನವೀಕರಣವೇ ಇಲ್ಲ, ಇಂಟರ್‌ಗೆ ಒಂದೇ ಸಲ. ಇದರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ. ಪರೀಕ್ಷೆ ನಡೆಸುವ ಶಾಸನಬದ್ಧ ಮಂಡಳಿ ಪರೀಕ್ಷಾರ್ಥಿಗೆ ‘ಸೇವೆ’ ಮಾರುತ್ತಿಲ್ಲ ಎಂದು ಬಿಹಾರ ಶಾಲಾ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ. ಅಲ್ಲಿ ನವೀಕರಣಕ್ಕೆ ಅವಕಾಶವಿದ್ದರೆ ಶುಲ್ಕ ಕಟ್ಟಿ ಮುಗಿಸಿಬಿಡಿ ಅಂತಲೇ ಹೇಳುತ್ತೇನೆ.

ಖಾಸಗಿ ಕೋಚಿಂಗ್‌ನವರ ಕಥೆ ಬೇರೆ. ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗದ ವಿಸ್ತೃತ ಪೀಠ 2020ರ ಜನವರಿಯಲ್ಲಿ ಶಿಕ್ಷಣ ಸಂಸ್ಥೆಗಳನ್ನು ಗ್ರಾಹಕ ಕಾಯ್ದೆಯ ಹೊರಗಿಟ್ಟರೂ ಕೋಚಿಂಗ್ ಸೆಂಟರುಗಳನ್ನು ಒಳಗೇ ಇಟ್ಟಿತು. ನನ್ನ ಕೇಸುಗಳೆಲ್ಲ ನಿಂತಿರುವುದು ಆ ನೆಲದ ಮೇಲೆ.

ಒಂದು ಕೇಸನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಿಪಟೂರು ಕಡೆಯ ಹುಡುಗಿ. ಎಸ್‌ಐಟಿ ಬಡಾವಣೆಯ ಪಿಜಿಯಲ್ಲಿದ್ದುಕೊಂಡು ಬಿ.ಎಚ್. ರಸ್ತೆಯ ಆಡಿಟರ್ ಆಫೀಸೊಂದರಲ್ಲಿ ಆರ್ಟಿಕಲ್‌ಶಿಪ್ (ಸಿಎ ಓದುವವರು ಕಡ್ಡಾಯವಾಗಿ ಮಾಡಬೇಕಾದ ತರಬೇತಿ) ಮಾಡುತ್ತಿದ್ದಳು. ಫೈನಲ್‌ನ ಡೈರೆಕ್ಟ್ ಟ್ಯಾಕ್ಸ್, ಇನ್‌ಡೈರೆಕ್ಟ್ ಟ್ಯಾಕ್ಸ್ ಎರಡಕ್ಕೂ ಹೊರರಾಜ್ಯದ ಕೋಚಿಂಗ್ ಸಂಸ್ಥೆಯೊಂದರಿಂದ ರೆಕಾರ್ಡೆಡ್ ಪಾಠ ತರಿಸಿಕೊಂಡಿದ್ದಳು. ಪೆನ್‌ಡ್ರೈವಿನಲ್ಲಿ ಪಾಠ, ಇಮೇಲಿನಲ್ಲಿ ಆ್ಯಕ್ಟಿವೇಷನ್ ಕೀ, ಒಂದೇ ಲ್ಯಾಪ್‌ಟಾಪಿಗೆ ಲಾಕ್, ಒಂದೊಂದು ಪಾಠಕ್ಕೆ ಎರಡು ವ್ಯೂ (ಎರಡೇ ಸಲ ನೋಡಬಹುದು), ಒಟ್ಟು 9 ತಿಂಗಳ ವ್ಯಾಲಿಡಿಟಿ. ಸಿಎ ಮಕ್ಕಳಿಗೆ ಇದೆಲ್ಲ ನೀರು ಕುಡಿದಷ್ಟು ಪರಿಚಿತ.

ದುಡ್ಡು ಕಟ್ಟಿದ ಎಷ್ಟೋ ದಿನದ ಮೇಲೆ ಪೆನ್‌ಡ್ರೈವ್ ಬಂತು. ಕೀ ಇನ್ನೂ ತಡವಾಗಿ ಬಂತು. ನೋಡುತ್ತಾ ಅರ್ಧ ಹಾದಿಗೆ ಬಂದಾಗ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟಿತು. ಹೊಸ ಲ್ಯಾಪ್‌ಟಾಪಿಗೆ ಕೀ ಬದಲಾಯಿಸಿಕೊಡಿ ಅಂತ ಕೇಳಿದರೆ ‘ಟೆಕ್ನಿಕಲ್ ಟೀಮ್ ನೋಡ್ತಿದೆ’ ಅನ್ನುವ ಒಂದೇ ಉತ್ತರ ವಾರಗಟ್ಟಲೆ ಬಂತು. ಆ ಹೊತ್ತಿಗೆ ಟ್ಯಾಕ್ಸ್ ಆಡಿಟ್ ಸೀಸನ್. ಆಗಸ್ಟ್ ಸೆಪ್ಟೆಂಬರಿನಲ್ಲಿ ಆಡಿಟರ್ ಆಫೀಸಿನ ಮಕ್ಕಳು ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ ಅಂತ ಆ ಕೆಲಸ ಮಾಡಿದವರಿಗೇ ಗೊತ್ತು. ಕೊನೆಗೆ ಹೊಸ ಕೀ ಹಾಕಿ ಕೂತರೆ ಪರದೆಯ ಮೇಲೆ ಕೆಂಪಕ್ಷರ: ‘ರಿಜಿಸ್ಟ್ರೇಷನ್ ಎಕ್ಸ್‌ಪೈರ್ಡ್’. ಆ 9 ತಿಂಗಳನ್ನು ಅವರು ಎಣಿಸಿದ್ದು ದುಡ್ಡು ಕಟ್ಟಿದ ದಿನದಿಂದ. ಮುಂದುವರಿಸಲು ಎಕ್ಸ್‌ಟೆನ್ಷನ್ ಫೀ ಬೇರೆ.

ಅವಳು ಅಪ್ಪನ ಜೊತೆ ನನ್ನ ಆಫೀಸಿಗೆ ಬಂದಾಗ ಆ ‘ರಿಜಿಸ್ಟ್ರೇಷನ್’ ಅನ್ನುವ ಮಾತು ನೋಡಿ ಸಿಎ ಸಂಸ್ಥೆಯ ನೋಂದಣಿಯೇ ರದ್ದಾಯಿತು ಅಂತ ಹೆದರಿದ್ದಳು. ಸಿಎ ಸಂಸ್ಥೆಯ ನೋಂದಣಿ ಪತ್ರ ತೆಗೆಸಿ, ಫೈನಲ್‌ಗೆ 10 ವರ್ಷ ಇದೆ, ನಿನ್ನದು ಎಲ್ಲೂ ಹೋಗಿಲ್ಲಮ್ಮ ಅಂತ ತೋರಿಸಿದ ಮೇಲೆ ಅವಳ ಉಸಿರು ಸರಿಯಾಯಿತು. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಫೀ ಕಟ್ಟಿದವರು. ‘ದುಡ್ಡು ಹೋದ್ರೆ ದುಡೀಬೋದು ಮೇಡಂ, ಈ ಸಲದ ಅಟೆಂಪ್ಟ್ ಹೋದ್ರೆ ಯಾರು ಕೊಡ್ತಾರೆ?’ ಅಂದರು. ಅವರು ಕೇಳಿದ್ದೇ ಸರಿ. ಪರಿಹಾರದ ಮೊತ್ತಕ್ಕಿಂತ ಪಾಠದ ಬಾಗಿಲು ಬೇಗ ತೆರೆಸುವುದು ಮುಖ್ಯ ಅಂತ ಆಗಲೇ ಗೊತ್ತು ಮಾಡಿಕೊಂಡೆ. ಮುಂದಿನ ಪ್ರತಿ ಹೆಜ್ಜೆಯನ್ನೂ ಅದರ ಮೇಲೇ ಇಟ್ಟೆ.

ಮೊದಲು ಮಾಡಿದ್ದು ತಾರೀಕಿನ ಪಟ್ಟಿ. ಉದ್ದನೆಯ ಹಾಳೆಯಲ್ಲಿ ಗೀಟು ಹಾಕಿ ಮೂರು ಅಂಕಣ: ತಾರೀಕು, ನಡೆದದ್ದು, ಅದಕ್ಕೆ ದಾಖಲೆ. ದುಡ್ಡು ಹೋದ ದಿನಕ್ಕೆ ಯುಪಿಐ ಮೆಸೇಜು. ಕೀ ಬಂದ ದಿನಕ್ಕೆ ಇಮೇಲು. ಪೆನ್‌ಡ್ರೈವ್ ಬಂದ ದಿನಕ್ಕೆ ಏನಿದೆ ಅಂದರೆ ಹುಡುಗಿ ಏನೂ ಇಲ್ಲ ಅಂತ ತಲೆ ಆಡಿಸಿದಳು. ಅಪ್ಪ ಕೈಚೀಲದಿಂದ ಮಡಚಿದ ಕೊರಿಯರ್ ಕವರು ತೆಗೆದು ಮೇಜಿನ ಮೇಲೆ ಹರಡಿದರು. ಕತ್ತರಿಯಲ್ಲಿ ಬಿಚ್ಚುವಾಗ ಲೇಬಲ್ಲಿನ ನಡುವೆ ಹರಿದಿತ್ತು, ಎರಡು ಚೂರನ್ನು ಜೋಡಿಸಿದರೆ ಬುಕ್ ಆದ ತಾರೀಕೂ ಟ್ರ್ಯಾಕಿಂಗ್ ನಂಬರೂ ಸ್ಪಷ್ಟವಾಗಿ ಓದಬಹುದಿತ್ತು. ಊರಿನಿಂದ ಬರುವಾಗ ಯಾತಕ್ಕಾದರೂ ಬೇಕಾದೀತು ಅಂತ ತಂದಿದ್ದರಂತೆ. ಇಡೀ ಕೇಸಿನಲ್ಲಿ ಎದುರಿನವರು ಅಲ್ಲಗಳೆಯಲಾಗದೆ ಹೋದ ಕಾಗದ ಅದೇ. ಸರಕು ಕಳಿಸುವ ಮೊದಲೇ ವ್ಯಾಲಿಡಿಟಿ ಎಣಿಸಲು ಶುರು ಮಾಡಿದ್ದರು ಅನ್ನುವುದಕ್ಕೆ ಅವರದೇ ಲೇಬಲ್ಲು ಸಾಕ್ಷಿ.

ಎರಡನೆಯದು ಷರತ್ತುಗಳು. ಇವು ವೆಬ್‌ಸೈಟಿನಲ್ಲಿ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ. ಬಂದ ದಿನವೇ ಆ ಪುಟವನ್ನು ತಾರೀಕು ಕಾಣುವ ಹಾಗೆ ಪಿಡಿಎಫ್ ಮಾಡಿಸಿದೆ, ಜೊತೆಗೆ ಖರೀದಿಯ ದಿನ ಬಂದಿದ್ದ ಇನ್‌ವಾಯ್ಸ್ ಇಮೇಲನ್ನೂ ತೆಗೆಸಿದೆ. ಇನ್‌ವಾಯ್ಸಿನಲ್ಲಿ ‘9 ತಿಂಗಳು’ ಅಂತಷ್ಟೇ ಇತ್ತು, ಯಾವತ್ತಿನಿಂದ ಅಂತ ಇರಲಿಲ್ಲ. ಖರೀದಿದಾರರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕಂತಲೇ ತಡೆಹಿಡಿಯುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(11)ನೇ ಕಲಂ ಪ್ರಕಾರ ಸೇವಾ ನ್ಯೂನತೆಯೇ. ವಾಟ್ಸಾಪ್ ಮಾತುಕತೆಯನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿಸಿದೆ. ಸ್ಕ್ರೀನ್‌ಶಾಟಿನ ತುಣುಕು ತಂದರೆ ಹಿಂದೆ ಮುಂದೆ ಏನಿತ್ತು ಅಂತ ಎದುರಿನ ವಕೀಲರು ಕೇಳೇ ಕೇಳುತ್ತಾರೆ. ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರವನ್ನೂ ಲಗತ್ತಿಸುತ್ತೇನೆ. ಆಯೋಗ ಸಾಕ್ಷ್ಯದ ವಿಷಯದಲ್ಲಿ ಸಿವಿಲ್ ಕೋರ್ಟಿನಷ್ಟು ಬಿಗಿ ಇಲ್ಲ, ಆದರೂ ತಕರಾರಿಗೆ ಸಂದು ಬಿಡುವುದು ನನಗೆ ಇಷ್ಟವಿಲ್ಲ.

ಆಮೇಲೆ ಕೋಚಿಂಗ್ ಸಂಸ್ಥೆಗೆ ಕಳಿಸಿದ ನೋಟಿಸಿನಲ್ಲಿ ಬೈಗುಳ, ಬೆದರಿಕೆ ಏನೂ ಬರೆಯಲಿಲ್ಲ. ಎರಡೇ ಬೇಡಿಕೆ ಇಟ್ಟೆ. ಕೀ ಬರುವ ಮೊದಲಿನ ದಿನಗಳನ್ನೂ ಲ್ಯಾಪ್‌ಟಾಪ್ ಬದಲಾವಣೆಗೆ ಕಾಯಿಸಿದ ದಿನಗಳನ್ನೂ ಮರಳಿ ಕೊಡಿ. ಈ ವಿದ್ಯಾರ್ಥಿನಿ ಯಾವ ದಿನ ಯಾವ ಪಾಠ ನೋಡಿದಳು ಅನ್ನುವ ನಿಮ್ಮ ಸರ್ವರ್ ಲಾಗ್ ಕೊಡಿ. ಈ ಎರಡನೆಯದನ್ನು ನಾನು ಎಲ್ಲ ಕೇಸಿನಲ್ಲೂ ಕೇಳುತ್ತೇನೆ. ವ್ಯೂ ಎಣಿಸುವ ಸಂಸ್ಥೆಯ ಹತ್ತಿರ ಲಾಗ್ ಇಲ್ಲದಿರಲು ಸಾಧ್ಯವಿಲ್ಲ, ಬಾಗಿಲು ಹಾಕಿದ್ದ ದಿನಗಳು ಅದರಲ್ಲಿ ಖಾಲಿ ಕಾಣಲೇಬೇಕು. ಆನ್‌ಲೈನ್ ಮಾರಾಟಗಾರರಿಗೆ 2020ರ ಇ-ಕಾಮರ್ಸ್ ನಿಯಮಗಳೂ ಇವೆ. ಅವರ ಗ್ರೀವೆನ್ಸ್ ಆಫೀಸರ್ (ದೂರು ನೋಡಿಕೊಳ್ಳುವ ಅಧಿಕಾರಿ) 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಕ್ಕೆ ಉತ್ತರ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದನ್ನೂ ಬರೆದೆ.

ಜೊತೆಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅವಳಿಂದಲೇ ಫೋನು ಮಾಡಿಸಿದೆ. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ದೂರು ಹೋದ ಮೇಲೆ ಸಂಸ್ಥೆಯವರು ಎಕ್ಸ್‌ಟೆನ್ಷನ್ ಫೀಯಲ್ಲಿ ಅರ್ಧ ಬಿಡುತ್ತೇವೆ ಅಂದರು. ಹುಡುಗಿಗೆ ಒಪ್ಪಿಕೊಳ್ಳುವ ಮನಸ್ಸಾಗಿತ್ತು. ನಾನು ಬೇಡ ಅಂದೆ. ಅರ್ಧ ಫೀ ಕಟ್ಟಿದರೂ ಅವಧಿ ಕಾನೂನು ಪ್ರಕಾರವೇ ಮುಗಿದಿತ್ತು ಅಂತ ನಾವೇ ಒಪ್ಪಿದ ಹಾಗೆ. ತೆರಿಗೆ ವಿಷಯಕ್ಕೆ ಇನ್ನೊಂದು ತೊಡಕೂ ಇದೆ. ಪ್ರತಿ ವರ್ಷದ ಫೈನಾನ್ಸ್ ಆ್ಯಕ್ಟಿನಿಂದ ತೆರಿಗೆ ಕಾನೂನು ಬದಲಾಗುತ್ತದೆ, 2026ರ ಏಪ್ರಿಲ್ 1ರಿಂದಂತೂ 2025ರ ಹೊಸ ಆದಾಯ ತೆರಿಗೆ ಕಾಯ್ದೆಯೇ ಜಾರಿಗೆ ಬಂದಿದೆ. ಹಳೆ ಪಾಠಕ್ಕೆ ಬರೀ ದಿನ ಸೇರಿಸಿದರೆ ಪರೀಕ್ಷೆಗೆ ಅನ್ವಯಿಸದ ಕಾನೂನು ಓದಬೇಕಾಗುತ್ತದೆ. ತಿದ್ದುಪಡಿ ಪಾಠವೂ ಜೊತೆಗೆ ಬೇಕು ಅಂತ ಪಟ್ಟು ಹಿಡಿದೆ. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ) ಮಕ್ಕಳ ಪರ ನಡೆಸುವವರು ಇದನ್ನು ಮರೆಯಬಾರದು.

ಜವಾಬು ಬರಲಿಲ್ಲ. ಗ್ರಾಹಕರ ಆಯೋಗಗಳ ಇ-ಜಾಗೃತಿ ಪೋರ್ಟಲ್ಲಿನಲ್ಲಿ ದೂರು ಹಾಕಿದೆವು. 2025ರ ಜನವರಿಯಿಂದ ಹಳೆಯ ಇ-ದಾಖಿಲ್ ಪೋರ್ಟಲ್ಲಿನ ಬದಲು ಇದೇ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಂಸ್ಥೆಯ ಷರತ್ತಿನಲ್ಲಿ ವ್ಯಾಜ್ಯವೆಲ್ಲ ಅವರ ಊರಿನ ಕೋರ್ಟಿನಲ್ಲೇ ಅಂತ ಇತ್ತು. ಅದನ್ನು ಓದಿಯೇ ಎಷ್ಟೋ ಜನ ಕೈಚೆಲ್ಲುತ್ತಾರೆ. 2019ರ ಕಾಯ್ದೆಯ 34ನೇ ಕಲಂ ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ಆರ್ಟಿಕಲ್‌ಶಿಪ್ ತುಮಕೂರಿನಲ್ಲಿ, ಹಾಗಾಗಿ ಕೇಸೂ ತುಮಕೂರಿನಲ್ಲಿ. ದುಡ್ಡು ಅಪ್ಪನ ಖಾತೆಯಿಂದ ಹೋಗಿದ್ದರಿಂದ ಅಪ್ಪನನ್ನೂ, ಪಾಠ ಮಗಳಿಗಾದ್ದರಿಂದ ಮಗಳನ್ನೂ ಇಬ್ಬರನ್ನೂ ದೂರುದಾರರನ್ನಾಗಿ ಮಾಡಿದೆ. ಹೀಗೆ ಮಾಡಿದರೆ ‘ಇವರು ನಮ್ಮ ಗ್ರಾಹಕರೇ ಅಲ್ಲ’ ಅನ್ನುವ ಆಕ್ಷೇಪಣೆ ಹುಟ್ಟುವುದಿಲ್ಲ.

ಕಿರಿಯ ವಕೀಲರಿಗೆ ಒಂದು ಮಾತು. ದೂರಿನಲ್ಲಿ ‘ಅನ್ಯಾಯದ ಕರಾರು’ ಅಂತ ಮುಖ್ಯ ವಾದ ಕಟ್ಟಬೇಡಿ. ಅದನ್ನು ವಿಚಾರಿಸುವ ಅಧಿಕಾರ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಇದೆ, ಜಿಲ್ಲಾ ಆಯೋಗಕ್ಕಿಲ್ಲ. ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಅಂತ ಕಟ್ಟಿದರೆ ಕೇಸು ಜಿಲ್ಲೆಯಲ್ಲೇ ನಿಲ್ಲುತ್ತದೆ. ಕಾಲಮಿತಿ 2 ವರ್ಷ, ಆದರೆ ಪರೀಕ್ಷೆ ಯಾರಿಗೂ ಕಾಯುವುದಿಲ್ಲವಾದ್ದರಿಂದ ಮಧ್ಯಂತರ ಅರ್ಜಿಯನ್ನು ದೂರಿನ ಜೊತೆಗೇ ಹಾಕಿ, ಕೀ ತಾತ್ಕಾಲಿಕವಾಗಿ ತೆರೆಯಲಿ ಅಂತ ಕೇಳಿ.

ಆಯೋಗದ ನೋಟಿಸು ಮುಟ್ಟಿದ ಮೇಲೆ ಸಂಸ್ಥೆಯ ಧಾಟಿ ಬದಲಾಯಿತು. ನೋಟಿಸು ಸಿಕ್ಕ ಮೇಲೆ ಜವಾಬಿಗೆ 30 ದಿನ, ಹೆಚ್ಚೆಂದರೆ ಇನ್ನೂ 15. ಅದಾದ ಮೇಲೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಮಾನಿಸಿದೆ. ಅವರ ವಕೀಲರು ರಾಜಿಗೆ ಬಂದರು. ರಾಜಿಯ ಷರತ್ತು ಬರೆದ ಜಂಟಿ ಮೆಮೊದ ಒಂದೊಂದು ಸಾಲನ್ನೂ ನಾನೇ ಕೂತು ಬರೆದೆ. ಕಳೆದುಹೋದ ದಿನಗಳು ಪೂರ್ತಿ ವಾಪಸ್ಸು. ಹೊಸ ಅವಧಿ ಶುರುವಾಗುವುದು ಅವಳು ಮೊದಲ ಪಾಠ ತೆರೆದ ದಿನದಿಂದ. ಅವಳ ಅಟೆಂಪ್ಟಿಗೆ ಅನ್ವಯಿಸುವ ತಿದ್ದುಪಡಿ ಪಾಠ ಉಚಿತ. ಲ್ಯಾಪ್‌ಟಾಪ್ ಬದಲಾದರೆ ಇಂತಿಷ್ಟು ದಿನದಲ್ಲಿ ಕೀ ಕೊಡದಿದ್ದರೆ ಅಷ್ಟೂ ದಿನ ಅವಧಿಗೆ ಸೇರಬೇಕು. ಕೇಸಿನ ಖರ್ಚು ಬೇರೆ. ಪರಿಹಾರದ ಮೊತ್ತ ದೊಡ್ಡದೇನಲ್ಲ, ನಾನು ಅದಕ್ಕೆ ಒತ್ತಲೂ ಇಲ್ಲ. ಆದೇಶಕ್ಕೆ ಕಾದಿದ್ದರೆ ಅವಳ ಪರೀಕ್ಷೆ ದಾಟಿಹೋಗುತ್ತಿತ್ತು.

ಎಲ್ಲ ಕೇಸೂ ಹೀಗಿರುವುದಿಲ್ಲ. ಕೀ ಸರಿಯಾಗಿ ಬಂದು, ಪಾಠ ತೆರೆದೇ ಇದ್ದು, ಅವಧಿ ಯಾವತ್ತಿನಿಂದ ಅಂತ ಇನ್‌ವಾಯ್ಸಿನಲ್ಲೇ ಬರೆದಿದ್ದು, ವಿದ್ಯಾರ್ಥಿ ನೋಡದೇ ಬಿಟ್ಟಿದ್ದರೆ ನಾನು ದೂರು ಹಾಕುವುದಿಲ್ಲ. ವಿನಂತಿ ಪತ್ರ ಬರೆದುಕೊಡುತ್ತೇನೆ, ಅಷ್ಟೇ. ಮನೆಯವರ ಕಾಯಿಲೆ ಕಸಾಲೆಯ ಕಾರಣ ಇದ್ದರೆ ಎಷ್ಟೋ ಸಂಸ್ಥೆಗಳು ಕರಗುತ್ತವೆ. ಪರೀಕ್ಷೆಯೇ ಮುಂದೆ ಹೋದ ಸಂದರ್ಭ ಬೇರೆ. 2020ರ ಮೇ ಸಿಎ ಪರೀಕ್ಷೆ ಕೊರೊನಾದಿಂದ ನಡೆಯಲೇ ಇಲ್ಲ. 2024ರಲ್ಲಿ ಲೋಕಸಭಾ ಚುನಾವಣೆಗಾಗಿ ದಿನ ಬದಲಾಯಿತು. 2025ರ ಮೇನಲ್ಲಿ ಗಡಿಯ ಉದ್ವಿಗ್ನತೆಗೆ ನಡುವೆಯೇ ಮುಂದೂಡಿದರು. ಇಂಥಲ್ಲಿ ‘ಇಂಥ ಅಟೆಂಪ್ಟಿನವರೆಗೆ’ ಅಂತ ಮಾರಿದ ಕೋರ್ಸು ಆ ಅಟೆಂಪ್ಟು ನಡೆಯುವವರೆಗೂ ತೆರೆದಿರಬೇಕು ಅನ್ನುವುದು ನನ್ನ ನಿಲುವು. ತಿಂಗಳ ಲೆಕ್ಕದಲ್ಲಿ ಮಾರಿದ್ದರೆ ಆ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಹೆವಿ ಲೈಸೆನ್ಸಿನ ಕೇಸಿನಲ್ಲಿ ಆಯೋಗದವರೆಗೂ ಹೋಗಬೇಕಾಗಲಿಲ್ಲ. ಮಧುಗಿರಿ ಕಡೆಯ ಹುಡುಗ, ಲಾರಿ ಓಡಿಸುವ ಕೆಲಸಕ್ಕೆ ಮಾತಾಡಿಟ್ಟಿದ್ದ. ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್, 6 ತಿಂಗಳು ಮಾತ್ರ ನಡೆಯುತ್ತದೆ. ಅದು ಮುಗಿದು ಹೋಯಿತು, ಡ್ರೈವಿಂಗ್ ಸ್ಕೂಲಿನವರು ‘ನಿನ್ನ ಅಡ್ಮಿಷನ್ನೂ ಮುಗೀತು, ಹೊಸದಾಗಿ ಪೂರ್ತಿ ಫೀ ಕಟ್ಟು’ ಅಂದರು. ಎಲ್‌ಎಲ್‌ಆರ್ ಸರ್ಕಾರದ್ದು, ಅದನ್ನು ಮತ್ತೆ ಮಾಡಿಸಲೇಬೇಕು. ತರಬೇತಿಯ ಫೀ ಸ್ಕೂಲಿನದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರಿಗೆ ವಾಹನಕ್ಕೆ ಕನಿಷ್ಠ 15 ಗಂಟೆ ಗಾಡಿ ಓಡಿಸಿ ಕಲಿಸಬೇಕು, ಅಭ್ಯರ್ಥಿ ಓಡಿಸಿದ ಗಂಟೆಗಳನ್ನು ಫಾರಂ 15ರ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ಆ ರಿಜಿಸ್ಟರಿನ ನಕಲು ಕೇಳಿ ಒಂದು ಪತ್ರ ಬರೆದೆ. ಲಾರಿ ಗ್ಯಾರೇಜಿನಲ್ಲಿ ನಿಂತಿದ್ದ ದಿನಗಳಲ್ಲಿ ಹುಡುಗ ಹತ್ತಿಯೇ ಇರಲಿಲ್ಲ, ಬರೆದ ಗಂಟೆಗಳು ಹದಿನೈದರ ಹತ್ತಿರವೂ ಬರುತ್ತಿರಲಿಲ್ಲ. ಪತ್ರ ಮುಟ್ಟಿದ ವಾರದಲ್ಲೇ ಸ್ಕೂಲಿನ ಮಾಲೀಕರು ಫೋನು ಮಾಡಿ, ಹೊಸ ಎಲ್‌ಎಲ್‌ಆರ್ ಫೀ ತಾವೇ ಕಟ್ಟಿ ಬಾಕಿ ಗಂಟೆಗಳನ್ನು ಕಲಿಸಿಕೊಡುವುದಾಗಿ ಒಪ್ಪಿದರು. ಬಾಯಿಮಾತು ಬೇಡ, ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಅಂದೆ. ಬರೆದುಕೊಟ್ಟರು.