ಬಟ್ಟೆ ಮೊದಲು, ಕ್ರೀಮು ಆಮೇಲೆ

ದಿನವಿಡೀ ಬಿಸಿಲಲ್ಲಿ ಕೆಲಸ ಮಾಡುವವರಿಗೆ ಸನ್‌ಸ್ಕ್ರೀನ್ ಒಂದೇ ಸಾಲದು ಎಂದಾಗ ಜೊತೆಗಾರರು ಒಪ್ಪಲಿಲ್ಲ. ಎಸ್‌ಪಿಎಫ್ 50 ಇದೆಯಲ್ಲ, ಇನ್ನೇನು ಬೇಕು ಅಂದರು. ಬಿಸಿಲಿಗೆ ಚರ್ಮ ಸುಡದಂತೆ ಕ್ರೀಮು ಎಷ್ಟು ಕಾಯುತ್ತದೆ ಎಂಬ ಅಂಕಿ ಅದು. ಆ 50 ಸಿಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದರೆ ಮಾತ್ರ. ಹಚ್ಚುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಟ್ಯೂಬನ್ನು ತೂಗಿ ನೋಡಿದೆ. ಹಚ್ಚುತ್ತಿದ್ದದ್ದು ಅದರ ಅರ್ಧವೂ ಇಲ್ಲ. ಇಡೀ ಮೈಗೆ ಸರಿಯಾಗಿ ಹಚ್ಚಲು ಸಲಕ್ಕೆ ಸುಮಾರು 30–35 ಗ್ರಾಂ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಅಷ್ಟೇ. 100 ಗ್ರಾಂ ಟ್ಯೂಬು ಒಂದೇ ದಿನಕ್ಕೆ ಖಾಲಿ. ಯಾರ ಜೇಬು ತಡೆದೀತು?

ಹಾಗಾಗಿ ದುಡ್ಡನ್ನು ತುಂಬು ತೋಳಿನ ಬಟ್ಟೆಗೆ ಹಾಕಿದೆ. ಯಾವ ಬಟ್ಟೆ ಒಳ್ಳೆಯದೆಂದು ಆಯ್ದುಕೊಳ್ಳಲು ಯುವಿ, ಅಂದರೆ ಅತಿನೇರಳೆ ಬೆಳಕಿನ, ಟಾರ್ಚು ಸಾಕು. ಮೊದಲು ತಂದದ್ದು 395 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನದು, ಆ ದುಡ್ಡು ದಂಡ. ಹಚ್ಚಿದ ಕ್ರೀಮನ್ನೂ ಇದೇ ಟಾರ್ಚಿನಲ್ಲಿ ನೋಡಬೇಕು, ಆದರೆ ಆ ಬೆಳಕನ್ನು ಹೆಚ್ಚಿನ ಸನ್‌ಸ್ಕ್ರೀನುಗಳು ಸರಿಯಾಗಿ ಹೀರುವುದಿಲ್ಲ. 365ರದ್ದೇ ಬೇಕು. ಕತ್ತಲೆ ಕೋಣೆಯಲ್ಲಿ ಪ್ರಿಂಟರಿನ ಬಿಳಿ ಹಾಳೆಯ ಮೇಲೆ ಬಿಟ್ಟರೆ ಹಾಳೆ ನೀಲಿಯಾಗಿ ಹೊಳೆಯುತ್ತದೆ. ನಡುವೆ ಬಟ್ಟೆ ಹಿಡಿಯಿರಿ. ತೆಳು ಬಿಳಿ ಹತ್ತಿಯ ಹಿಂದೆ ಹೊಳಪು ಕಾಣುತ್ತದೆ, ನೆನೆಸಿದರೆ ಇನ್ನೂ ಜಾಸ್ತಿ. ಜೀನ್ಸ್ ಹಿಂದೆ ಪೂರ್ತಿ ಕಪ್ಪು. ಒತ್ತಾಗಿ ನೇಯ್ದ ಗಾಢ ಬಣ್ಣದ ಪಾಲಿಯೆಸ್ಟರ್ ತೆಳುವಾಗಿದ್ದರೂ ಚೆನ್ನಾಗಿ ತಡೆಯಿತು. ಅದನ್ನೇ ಎಳೆದು ಹಿಡಿದರೆ ಎಳೆಗಳ ಸಂದಿಯಲ್ಲಿ ನೀಲಿ ಚುಕ್ಕೆ ಏಳುತ್ತವೆ, ಆದ್ದರಿಂದ ಒಂದು ಅಳತೆ ದೊಡ್ಡದೇ ಹೊಲಿಸಿ, ಗಾಳಿಯೂ ಆಡುತ್ತದೆ. ಈ ಪರೀಕ್ಷೆ ಯುವಿಎಗೆ, ಅಂದರೆ ಉದ್ದ ಅಲೆಯ ಅತಿನೇರಳೆ ಕಿರಣಕ್ಕೆ ಮಾತ್ರ. ಟಾರ್ಚನ್ನು ಕಣ್ಣಿಗೆ ಬಿಡಬೇಡಿ.

ಇನ್ನು ಕ್ರೀಮು ಬೇಕಾದದ್ದು ಮುಖ, ಕತ್ತು, ಕಿವಿ, ಅಂಗೈ ಹಿಂಭಾಗಕ್ಕೆ ಮಾತ್ರ. ಮುಖ–ಕತ್ತಿಗೆ ಎರಡು ಬೆರಳುದ್ದ, ಒಮ್ಮೆಲೇ ಅಲ್ಲ, ಎರಡು ಕೋಟು. ಬಿಸಿಲಿಗಿಳಿಯುವ 15–20 ನಿಮಿಷ ಮೊದಲು. ಕೆಳಗಿನ ಮಾಯಿಶ್ಚರೈಸರ್ ಹಸಿಯಿದ್ದರೆ ಉಂಡೆಯುಂಡೆಯಾಗಿ ಏಳುತ್ತದೆ, ಒಣಗಲು ಬಿಡಿ. ಬೆವರನ್ನು ತಿಕ್ಕಬೇಡಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಹಚ್ಚಿದ ಮೇಲೆ ಕಣ್ಣು ಮುಚ್ಚಿಕೊಂಡು ಬೇರೆಯವರಿಂದ ಟಾರ್ಚು ಹಾಕಿಸಿದರೆ ಹಚ್ಚಿದ ಜಾಗ ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತದೆ. ತಪ್ಪಿಹೋಗುವುದು ಕಿವಿಯ ತುದಿ ಮತ್ತು ಕೂದಲಂಚು. ಸತು ಆಕ್ಸೈಡ್ ಇರುವ ಕ್ರೀಮು ಕಣ್ಣಿನ ಸುತ್ತ ಉರಿಯದೆ ನಿಂತಿತು.

ಟೋಪಿಯ ಅಂಚು ಸುತ್ತಲೂ ಕನಿಷ್ಠ 7.5 ಸೆಂ.ಮೀ. ಇರಲಿ. ಕತ್ತಿನ ಹಿಂದೆ ಇಳಿಬಿಡುವ ಬಟ್ಟೆಗೆ ಒಳಪದರ ಕೂರಿಸುವ ಒಂದು ಕೈಚಳಕವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಟ್ಯೂಬನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ. ಹಿಂಡಿದಾಗ ಮೊದಲು ನೀರು ಬಂದರೆ ಕ್ರೀಮು ಒಡೆದಿದೆ, ಬಿಸಾಕಿ.