ಕೋಡ್ ಬರೆಯದೆ ಆ್ಯಪ್ ಕಟ್ಟಿದ ಬಗೆ, ಖರ್ಚು ಏರದಂತೆ ನೋಡಿಕೊಂಡ ಬಗೆ

ಪ್ರೋಗ್ರಾಮಿಂಗ್ ಬಾರದವರು ಆ್ಯಪ್ ಕಟ್ಟಲು ಹೊರಟರೆ ಮೊದಲು ನೋಡುವುದು ತಿಂಗಳ ದರದ ಪಟ್ಟಿಯನ್ನು. ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ತಿಳಿಯಬೇಕಾದದ್ದು, ಆ್ಯಪ್ ಕಟ್ಟಲು ಬಳಸುವ ಟೂಲ್ ಯಾವುದನ್ನು ಎಣಿಸಿ ಬಿಲ್ ಹಾಕುತ್ತದೆ ಎಂಬುದು. ಲಾಗಿನ್ ಆಗುವ ಜನರನ್ನೋ, ಶೀಟಿನ ಸಾಲುಗಳನ್ನೋ, ಹಿಂದೆ ತಾನಾಗಿ ನಡೆಯುವ ಕೆಲಸಗಳನ್ನೋ? ಒಂದೇ ಆ್ಯಪ್ ಒಂದು ಕಡೆ ಪುಕ್ಕಟೆ ಓಡುತ್ತದೆ, ಇನ್ನೊಂದು ಕಡೆ ಕೈ ಸುಡುತ್ತದೆ. ವ್ಯತ್ಯಾಸ ಇರುವುದು ಈ ಎಣಿಕೆಯಲ್ಲಿ.

ಉದಾಹರಣೆಗೆ ಒಂದು ಸಣ್ಣ ಗ್ರಂಥಾಲಯದ ಎರವಲು ಲೆಕ್ಕ ಇಟ್ಟುಕೊಳ್ಳೋಣ. ಇದನ್ನು ನಾನು ಕಟ್ಟಿದ್ದು ಗೂಗಲ್ ಶೀಟ್ಸ್ ಮೇಲೆ ಆ್ಯಪ್‌ಶೀಟ್ (ಶೀಟನ್ನೇ ಆ್ಯಪ್ ಆಗಿಸುವ ಟೂಲ್) ಕೂರಿಸಿ. ಆ್ಯಪ್‌ಶೀಟ್ ಜನರನ್ನು ಎಣಿಸುತ್ತದೆ. ಆ್ಯಪ್ ಪ್ರಯೋಗದ ಹಂತದಲ್ಲಿ ಇರುವವರೆಗೆ 10 ಜನ ದುಡ್ಡಿಲ್ಲದೆ ಬಳಸಬಹುದು, ಆಮೇಲೆ ಆರಂಭದ ಪ್ಲ್ಯಾನಿನಲ್ಲಿ ತಲೆಗೆ ತಿಂಗಳಿಗೆ 5 ಡಾಲರ್. ಕೌಂಟರಿನಲ್ಲಿ ಕೂರುವ ನಾಲ್ವರು ಮಾತ್ರ ಲಾಗಿನ್ ಆದರೆ 20 ಡಾಲರ್. 400 ಸದಸ್ಯರಿಗೂ ಲಾಗಿನ್ ಕೊಟ್ಟರೆ 2,000 ಡಾಲರ್. ಪುಸ್ತಕ ಒಯ್ಯುವವರಿಗೆ ಆ್ಯಪ್ ಬೇಕಿಲ್ಲ, ಗಡುವು ನೆನಪಿಸುವ ಒಂದು ಇಮೇಲ್ ಸಾಕು. ಈ ತೀರ್ಮಾನ ಕಾಗದದ ಮೇಲೆ ಆಗಬೇಕು, ಟೂಲ್ ತೆರೆಯುವ ಮುಂಚೆ.

ಶೀಟಿನಲ್ಲಿ ಮೂರು ಟ್ಯಾಬ್: ಪುಸ್ತಕ, ಸದಸ್ಯ, ಎರವಲು. ಮೊದಲ ಸಾಲಿನಲ್ಲಿ ಕಾಲಂ ಹೆಸರು, ಅದರ ಕೆಳಗೆ ಒಂದು ಸಾಲಿಗೆ ಒಂದೇ ದಾಖಲೆ. ಒಂದೇ ಪುಸ್ತಕದ ಮೂರು ಪ್ರತಿ ಇದ್ದರೆ ಮೂರು ಸಾಲು. ಎರಡು ಸೆಲ್‌ಗಳನ್ನು ಸೇರಿಸಿ ಒಂದು ಮಾಡಬಾರದು. ‘ಕೆಂಪು ಬಣ್ಣ ಹಚ್ಚಿದ್ದು ಕಳೆದುಹೋದ ಪುಸ್ತಕ’ ಎಂಬಂಥ ಗುರುತುಗಳೂ ಬೇಡ. ಬಣ್ಣ ಆ್ಯಪ್‌ಗೆ ಕಾಣುವುದಿಲ್ಲ, ಅದಕ್ಕೊಂದು ಕಾಲಂ ಬೇಕು. ಮೂರೂ ಟ್ಯಾಬ್‌ಗಳ ಮೊದಲ ಕಾಲಂ ಐಡಿ. ಅದನ್ನೇ ಕೀ (ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡುವ ಕಾಲಂ) ಎಂದು ಗುರುತಿಸಿ, ಆರಂಭಿಕ ಮೌಲ್ಯದ ಜಾಗದಲ್ಲಿ ಯುನೀಕ್‌ಐಡಿ ಫಾರ್ಮುಲಾ ಹಾಕಿದರೆ ಪ್ರತಿ ಹೊಸ ಸಾಲಿಗೂ ಬೇರೆಯದೇ ಒಂದು ಸಂಕೇತ ಬೀಳುತ್ತದೆ. ಸಾಲಿನ ಸಂಖ್ಯೆಯನ್ನೇ ಕೀ ಮಾಡಿಕೊಂಡರೆ, ಯಾರಾದರೂ ಶೀಟಿನಲ್ಲಿ ಒಂದು ಸಾಲು ಅಳಿಸಿದ ಕೂಡಲೇ ಕೆಳಗಿನವೆಲ್ಲ ಒಂದೊಂದು ಮೇಲೇರುತ್ತವೆ, ಒಬ್ಬರ ಪುಸ್ತಕ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಹೆಸರನ್ನು ಕೀ ಮಾಡುವುದೂ ಅಷ್ಟೇ ಅಪಾಯ, ಒಂದೇ ಹೆಸರಿನ ಇಬ್ಬರು ಬಂದೇ ಬರುತ್ತಾರೆ.

ಎರವಲು ಟ್ಯಾಬ್‌ನಲ್ಲಿ ಪುಸ್ತಕ, ಸದಸ್ಯ ಎಂಬ ಎರಡು ಕಾಲಂಗಳನ್ನು ರೆಫ್ ಮಾದರಿಗೆ, ಅಂದರೆ ಇನ್ನೊಂದು ಟ್ಯಾಬ್‌ನ ಸಾಲಿಗೆ ಕೊಂಡಿ ಹಾಕುವ ಬಗೆಗೆ, ಬದಲಿಸಬೇಕು. ಆಗ ಸದಸ್ಯರ ಹೆಸರು ಒತ್ತಿದರೆ ಅವರು ಒಯ್ದ ಪುಸ್ತಕಗಳ ಪಟ್ಟಿ ತಾನೇ ಮೂಡುತ್ತದೆ. ಉಳಿದವು ಮೂರು ದಿನಾಂಕ: ಕೊಟ್ಟ ದಿನ, ಗಡುವು, ಮರಳಿದ ದಿನ.

ಹೊಸಬರು ಹೆಚ್ಚು ಎಡವುವುದು ಈ ದಿನಾಂಕಗಳಲ್ಲಿ. ಫಾರ್ಮುಲಾ ಹಾಕಲು ಆ್ಯಪ್‌ಶೀಟ್‌ನಲ್ಲಿ ಎರಡು ಜಾಗಗಳಿವೆ. ಆರಂಭಿಕ ಮೌಲ್ಯ ಎಂಬಲ್ಲಿ ಹಾಕಿದ್ದು ಸಾಲು ಹುಟ್ಟುವಾಗ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ್ಯಪ್ ಫಾರ್ಮುಲಾ ಎಂಬಲ್ಲಿ ಹಾಕಿದ್ದು ಸಾಲನ್ನು ತಿದ್ದಿದಾಗಲೆಲ್ಲ ಮತ್ತೆ ಲೆಕ್ಕವಾಗುತ್ತದೆ. ಕೊಟ್ಟ ದಿನಕ್ಕೆ ‘ಇಂದು’ ಎಂಬ ಫಾರ್ಮುಲಾವನ್ನು ಎರಡನೆಯ ಜಾಗದಲ್ಲಿ ಹಾಕಿದಿರಿ ಎನ್ನಿ. 3ನೇ ತಾರೀಕು ಕೊಟ್ಟ ಪುಸ್ತಕದ ಎಂಟ್ರಿಯಲ್ಲಿ 20ನೇ ತಾರೀಕು ಒಂದು ಅಕ್ಷರ ತಿದ್ದಿದರೂ ಕೊಟ್ಟ ದಿನ 20 ಆಗಿಬಿಡುತ್ತದೆ, ಗಡುವೂ ಮುಂದೆ ಹೋಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದ್ದರಿಂದ ‘ಇಂದು’, ‘ಇಂದು ಕೂಡಿಸು 14’ ಎರಡನ್ನೂ ಆರಂಭಿಕ ಮೌಲ್ಯದಲ್ಲೇ ಇಡಬೇಕು. ಮರಳಿದ ದಿನವನ್ನು ಖಾಲಿ ಬಿಟ್ಟು ‘ಮರಳಿತು’ ಎಂಬ ಒಂದು ಬಟನ್ ಮಾಡಿ. ಒತ್ತಿದರೆ ಆ ಕಾಲಂಗೆ ಇಂದಿನ ತಾರೀಕು ಬೀಳಲಿ, ಆ ಕಾಲಂ ಖಾಲಿ ಇದ್ದಾಗ ಮಾತ್ರ ಬಟನ್ ಕಾಣಲಿ.

ದಿನಾಂಕದ ಇನ್ನೊಂದು ತೊಡಕು ಲೊಕೇಲ್ ಸೆಟ್ಟಿಂಗ್, ಅಂದರೆ ಯಾವ ದೇಶದ ರೀತಿಯಲ್ಲಿ ತಾರೀಕು ಬರೆಯಬೇಕೆಂಬ ಆಯ್ಕೆ. ಶೀಟಿನದೂ ಆ್ಯಪ್‌ನ ಟೇಬಲ್‌ಗಳದೂ ಒಂದೇ ಇರಬೇಕು. ಒಂದು ಕಡೆ ದಿನ ಮೊದಲು, ಇನ್ನೊಂದು ಕಡೆ ತಿಂಗಳು ಮೊದಲು ಎಂದಿದ್ದರೆ 05/06 ಎಂಬುದು ಜೂನ್ 5 ಹೋಗಿ ಮೇ 6 ಆಗುತ್ತದೆ. ತಿಂಗಳ 12ರವರೆಗೆ ತಪ್ಪು ಕಣ್ಣಿಗೇ ಬೀಳುವುದಿಲ್ಲ, 13ನೇ ತಿಂಗಳು ಇಲ್ಲವಲ್ಲ ಎಂದು 13/06ಕ್ಕೆ ತಕರಾರು ಏಳುವಷ್ಟರಲ್ಲಿ ಹಿಂದಿನ ಎಂಟ್ರಿಗಳೆಲ್ಲ ಕೆಟ್ಟಿರುತ್ತವೆ. ಹಾಗಾಗಿ ಪರೀಕ್ಷೆಗೆ ನಾನು ಯಾವಾಗಲೂ 25ರಂಥ ತಾರೀಕು ಹಾಕಿ ನೋಡುತ್ತೇನೆ.

ಹೊರಗೆ ಹೋದ ಪುಸ್ತಕವನ್ನೇ ಮತ್ತೆ ಕೊಡದಂತೆ ತಡೆಯಲು ಪುಸ್ತಕ ಕಾಲಂನ ವ್ಯಾಲಿಡ್ ಇಫ್ ಜಾಗದಲ್ಲಿ (ಯಾವುದನ್ನು ಒಪ್ಪಬೇಕೆಂದು ಹೇಳುವಲ್ಲಿ) ‘ಒಳಗಿರುವ ಪುಸ್ತಕಗಳ’ ಪಟ್ಟಿ ಕೊಡಬಹುದು. ಆದರೆ ಎರವಲು ಕೊಟ್ಟ ಕ್ಷಣವೇ ಆ ಪುಸ್ತಕ ಪಟ್ಟಿಯಿಂದ ಹೊರಬೀಳುತ್ತದೆ. ನಾಳೆ ಅದೇ ಎಂಟ್ರಿ ತಿದ್ದಲು ಹೋದರೆ ಈ ಪುಸ್ತಕ ಸರಿಯಿಲ್ಲ ಎಂದು ಸೇವ್ ಆಗುವುದಿಲ್ಲ. ಆ ಸಾಲಿನಲ್ಲಿ ಆಗಲೇ ಇರುವ ಪುಸ್ತಕವನ್ನೂ ಪಟ್ಟಿಗೆ ಸೇರಿಸಿದರೆ ತೊಂದರೆ ನೀಗುತ್ತದೆ.

ಪುಸ್ತಕ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ವರ್ಚುವಲ್ ಕಾಲಂನಲ್ಲಿ (ಶೀಟಿನಲ್ಲಿ ಇಲ್ಲದೆ ಆ್ಯಪ್ ಲೆಕ್ಕ ಹಾಕಿ ತೋರಿಸುವ ಕಾಲಂ) ಹುಡುಕಿಸಿದರೆ ಆ್ಯಪ್ ನಿಧಾನವಾಗುತ್ತದೆ. 2,000 ಪುಸ್ತಕ, 5,000 ಎರವಲು ಇದ್ದಾಗ ಪ್ರತಿ ಪುಸ್ತಕಕ್ಕೂ ಎರವಲು ಪಟ್ಟಿಯನ್ನೆಲ್ಲ ಜಾಲಾಡುವುದೆಂದರೆ ಒಂದು ಕೋಟಿ ಹೋಲಿಕೆ, ಅದೂ ಸಿಂಕ್ ಮಾಡಿದಾಗಲೆಲ್ಲ. ಅದಕ್ಕಿಂತ ಪುಸ್ತಕ ಟ್ಯಾಬ್‌ನಲ್ಲೇ ‘ಸ್ಥಿತಿ’ ಎಂಬ ನಿಜವಾದ ಕಾಲಂ ಇಟ್ಟು, ಕೊಟ್ಟಾಗ, ಮರಳಿದಾಗ ಆ್ಯಕ್ಷನ್ (ಬಟನ್ ಹಿಂದೆ ನಡೆಯುವ ಆದೇಶ) ಮೂಲಕ ಬದಲಿಸುವುದು ಮೇಲು.

ಖಾಸಗಿ ಮಾಹಿತಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಲೈಸ್ ಮಾಡಿ, ಅಂದರೆ ಕೆಲವನ್ನಷ್ಟೇ ತೋರಿಸುವಂತೆ ಮಾಡಿ, ಉಳಿದ ಸಾಲುಗಳನ್ನು ತೆರೆಯಿಂದ ಮರೆಮಾಡಿದರೆ ಅವು ಸುರಕ್ಷಿತವಾಗುವುದಿಲ್ಲ, ಫೋನಿಗೆ ಇಳಿದೇ ಇರುತ್ತವೆ. ಸದಸ್ಯರ ಫೋನ್ ನಂಬರ್, ವಿಳಾಸ ಇರುವಲ್ಲಿ ಸಾಲುಗಳು ಫೋನಿಗೆ ಇಳಿಯದಂತೆಯೇ ತಡೆಯುವ ಸೆಕ್ಯುರಿಟಿ ಫಿಲ್ಟರ್ ಹಾಕಲೇಬೇಕು. ಕೌಂಟರಿನವರಿಗೆ ಶೀಟನ್ನೇ ಶೇರ್ ಮಾಡುವ ಅಗತ್ಯವೂ ಇಲ್ಲ. ಆ್ಯಪ್ ಕಟ್ಟಿದವರ ಖಾತೆಯ ಮೂಲಕವೇ ಅದು ಶೀಟನ್ನು ಮುಟ್ಟುತ್ತದೆ. ಶೇರ್ ಮಾಡಿದರೆ ಯಾರೋ ಕಾಲಂ ಹೆಸರು ಬದಲಿಸುತ್ತಾರೆ, ಆ್ಯಪ್ ನಿಲ್ಲುತ್ತದೆ.

ಗಡುವಿನ ಇಮೇಲ್‌ಗೆ ಹೊರಗಿನ ಆಟೊಮೇಷನ್ ಸೇವೆ ಹಚ್ಚುವವರು ಲೆಕ್ಕ ಹಾಕಿ ಹಚ್ಚಬೇಕು. ಅಂಥ ಸೇವೆಗಳಲ್ಲಿ ಒಂದಾದ ಝೇಪಿಯರ್ ಎಣಿಸುವುದು ಮಾಡಿ ಮುಗಿಸಿದ ಕೆಲಸವನ್ನು: ಒಂದು ಎರವಲಿಗೆ ಮೂರು ಕೆಲಸ, ದಿನಕ್ಕೆ 40 ಎರವಲು ಎಂದರೆ ತಿಂಗಳಿಗೆ 3,600. ಮೇಕ್ ಎಂಬ ಇನ್ನೊಂದು ಸೇವೆಯಲ್ಲಿ ಹೊಸದೇನಾದರೂ ಬಂದಿದೆಯೇ ಎಂದು ಇಣುಕಿ ನೋಡುವುದೂ ಲೆಕ್ಕಕ್ಕೆ ಬರುತ್ತದೆ. 15 ನಿಮಿಷಕ್ಕೊಮ್ಮೆ ಇಣುಕಿದರೆ ದಿನಕ್ಕೆ 96, ತಿಂಗಳಿಗೆ 2,880, ಒಂದು ಪುಸ್ತಕವೂ ಕದಲದಿದ್ದರೂ! ದಿನಕ್ಕೊಮ್ಮೆ ಬೆಳಿಗ್ಗೆ ನೋಡಿದರೆ ಇಣುಕುವ ಲೆಕ್ಕ ತಿಂಗಳಿಗೆ 30ಕ್ಕೆ ಮುಗಿಯಿತು, ಗಡುವಿನ ನೆನಪೋಲೆಗೆ ಅಷ್ಟು ಧಾರಾಳ ಸಾಕು.

ಬೇರೆ ಟೂಲ್‌ಗಳ ಬಗ್ಗೆ ಚುಟುಕಾಗಿ. ಬಬಲ್‌ನಲ್ಲಿ ತುಂಬ ದೊಡ್ಡದನ್ನು ಕಟ್ಟಬಹುದು, ಆದರೆ 2023ರಿಂದ ಅದು ಸರ್ವರಿನ ದುಡಿಮೆಯನ್ನು ಅಳೆದು ದರ ಹಾಕುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಹುಡುಕಾಟ ಇಟ್ಟರೆ ಬಿಲ್ ಏರುತ್ತದೆ. ಡೇಟಾ ಹೊರತೆಗೆಯಬಹುದು, ಆ್ಯಪ್ ಮಾತ್ರ ಅವರ ಸರ್ವರಿನಲ್ಲೇ ಓಡಬೇಕು. ಫ್ಲಟರ್‌ಫ್ಲೋ ದುಡ್ಡಿನ ಪ್ಲ್ಯಾನಿನಲ್ಲಿ ಕೋಡ್ ಇಳಿಸಿಕೊಳ್ಳಲು ಬಿಡುತ್ತದೆ. ನಿಜವಾಗಿ ಪುಕ್ಕಟೆಯಾದದ್ದು ಎಂಐಟಿ ಆ್ಯಪ್ ಇನ್ವೆಂಟರ್. 2010ರಲ್ಲಿ ಗೂಗಲ್‌ನಲ್ಲಿ ಹುಟ್ಟಿ ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಬಂದದ್ದು, ಕಲಿಯಲು ಅದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಅದರಲ್ಲಿ ಮಾಹಿತಿ ಉಳಿಸಲು ಇರುವ ಟೈನಿಡಿಬಿ ಎಂಬ ಭಾಗ ಎಲ್ಲವನ್ನೂ ಆಯಾ ಫೋನಿನಲ್ಲೇ ಇಡುತ್ತದೆ ಎಂಬುದು ನೆನಪಿರಲಿ. ಎರಡು ಫೋನಿನ ಲೆಕ್ಕ ಕೂಡುವುದಿಲ್ಲ, ಆ್ಯಪ್ ತೆಗೆದರೆ ಎಲ್ಲ ಹೋಯಿತು.

ಸಿಬ್ಬಂದಿ ಮಾತ್ರ ಬಳಸುವ ಆ್ಯಪ್‌ಗೆ ಸ್ಟೋರ್ ಬೇಡ, ಲಿಂಕ್ ಕಳಿಸಿದರೆ ಆಯಿತು. ಸ್ಟೋರಿಗೆ ಹಾಕಲೇಬೇಕೆಂದರೆ ಗೂಗಲ್ ಪ್ಲೇ ನೋಂದಣಿಗೆ ಒಮ್ಮೆ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ ಬಿಡುಗಡೆಗೆ ಮೊದಲು ಕನಿಷ್ಠ 12 ಪರೀಕ್ಷಕರು ಸತತ 14 ದಿನ ಪರೀಕ್ಷೆಯಲ್ಲಿ ಇರಬೇಕು. ಆ 12 ಜನರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ಆ್ಯಪ್‌ನ ಖಾತೆ ಒಬ್ಬರ ಸ್ವಂತ ಇಮೇಲ್‌ನಲ್ಲಿ ಬೇಡ, ಸಂಸ್ಥೆಯ ಇಮೇಲ್‌ನಲ್ಲಿರಲಿ. ತಿಂಗಳಿಗೊಮ್ಮೆ ಶೀಟಿನ ಪ್ರತಿ ಮಾಡಿಟ್ಟುಕೊಳ್ಳಿ. ತಪ್ಪಿ ಸಾಲುಗಳು ಅಳಿಸಿಹೋದರೆ ಹಳೆಯ ಆವೃತ್ತಿಯನ್ನು ಇಡಿಯಾಗಿ ಮರಳಿಸಬೇಡಿ, ಆಮೇಲೆ ಬಂದ ಎಂಟ್ರಿಗಳೂ ಅದರ ಜೊತೆ ಹೋಗುತ್ತವೆ. ಹಳೆಯ ಆವೃತ್ತಿಯ ಒಂದು ಪ್ರತಿಯನ್ನು ತೆರೆದು, ಬೇಕಾದ ಸಾಲುಗಳನ್ನಷ್ಟೇ ಐಡಿ ಸಮೇತ ಈಗಿನ ಶೀಟಿಗೆ ಅಂಟಿಸಿ. ಐಡಿ ಅದೇ ಇದ್ದರೆ ಸದಸ್ಯರ ಪಟ್ಟಿಯಲ್ಲಿ ಪುಸ್ತಕಗಳು ಮತ್ತೆ ತಮ್ಮ ತಮ್ಮ ಜಾಗದಲ್ಲೇ ಕಾಣಿಸಿಕೊಳ್ಳುತ್ತವೆ.